ಒಂದು ವಾರದ ಮಿಷನ್, ಹನ್ನೆರಡು ಡಜನ್ ಚೆಂಡು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬೇಸ್‌ಬಾಲ್ ಆಡುವ ಹೈಸ್ಕೂಲು, ಕಾಲೇಜು ಹುಡುಗರು ರಜೆಯಲ್ಲಿ ಚರ್ಚಿನ ತಂಡ ಕಟ್ಟಿಕೊಂಡು ಡೊಮಿನಿಕನ್ ರಿಪಬ್ಲಿಕ್‌ಗೋ ನಿಕರಾಗುವಾಕ್ಕೋ ಒಂದು ವಾರ ಹೋಗಿ ಬರುವುದು ಮಾಮೂಲು. ಬೆಳಿಗ್ಗೆ ಊರ ಮಕ್ಕಳಿಗೆ ಆಟದ ತರಬೇತಿ, ನಡುವೆ ಯೇಸುವಿನ ಬಗ್ಗೆ ನಾಲ್ಕು ಮಾತು, ಸಂಜೆ ಅಲ್ಲಿನ ತಂಡದ ಜೊತೆ ಪಂದ್ಯ. ಇದನ್ನು ಕೇಳಿದ ನಮ್ಮವರಲ್ಲಿ ಅರ್ಧ ಜನ ‘ಓ, ಮತಾಂತರದ ಕೆಲಸ’ ಎಂದು ಮುಖ ತಿರುಗಿಸುತ್ತಾರೆ, ಉಳಿದರ್ಧ ‘ಎಷ್ಟು ಒಳ್ಳೆ ಹುಡುಗರಪ್ಪ’ ಎಂದು ಕರಗುತ್ತಾರೆ. ನನಗೆ ಎರಡೂ ಅವಸರದ ಮಾತು ಅನಿಸುತ್ತದೆ. ಇಂಥ ಪ್ರವಾಸಗಳು ಹೆಚ್ಚಾಗಿ ಹಾಳಾಗುವುದು, ನಮ್ಮ ಎನ್‌ಎಸ್‌ಎಸ್ ಶಿಬಿರಗಳು ಹಾಳಾಗುವ ಕಾರಣಕ್ಕೇ.

ಆಟಕ್ಕೂ ಮಿಷನ್ನಿಗೂ ನಂಟು ಹೊಸದೇನಲ್ಲ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಮ್ಯಾಸಚೂಸೆಟ್ಸ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ. ನಾಲ್ಕು ವರ್ಷದ ನಂತರ ವಾಲಿಬಾಲ್ ಹುಟ್ಟಿದ್ದೂ ಅದೇ ರಾಜ್ಯದ ವೈಎಂಸಿಎಯಲ್ಲಿ. ಹ್ಯಾರಿ ಬಕ್ ಎಂಬ ಅಮೆರಿಕನ್ನರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. ನಮ್ಮೂರುಗಳ ಹೈಸ್ಕೂಲಿನ ವಾಲಿಬಾಲ್ ಅಂಕಣದ ಬೇರು ಹುಡುಕುತ್ತಾ ಹೋದರೆ ಈ ಮಿಷನ್‌ಗಳ ಬಾಗಿಲಿಗೇ ಬರುತ್ತೇವೆ.

ಬೇಸ್‌ಬಾಲ್ ವಿಷಯದಲ್ಲಿ ಮಾತ್ರ ಒಂದು ತಮಾಷೆ ಇದೆ. ಡೊಮಿನಿಕನ್ ಮಕ್ಕಳಿಗೆ ಬೇಸ್‌ಬಾಲ್ ಕಲಿಸುವುದೆಂದರೆ ಮೈಸೂರಿನವರಿಗೆ ಮೈಸೂರು ಪಾಕ್ ಮಾಡಲು ಹೇಳಿಕೊಟ್ಟ ಹಾಗೆ. ಅಮೆರಿಕದ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ 30 ತಂಡಗಳಿಗೂ ಆ ಪುಟ್ಟ ದೇಶದಲ್ಲಿ ಅಕಾಡೆಮಿಗಳಿವೆ. ನಮ್ಮ ಮನೆಗಳಿಗೆ ಬರುತ್ತದಲ್ಲ, ಅಂಥದೇ 20 ಲೀಟರ್ ನೀರಿನ ಕ್ಯಾನಿನ ಮುಚ್ಚಳವನ್ನು ಎಸೆದು ಪೊರಕೆ ಕೋಲಿನಿಂದ ಹೊಡೆಯುವ ‘ವಿತಿಯಾ’ ಆಟದಲ್ಲಿ ಪಳಗಿದ ಹುಡುಗರು ಅವರು. ಗಾಳಿಯಲ್ಲಿ ವಾಲಾಡುವ ಮುಚ್ಚಳಕ್ಕೆ ಕೋಲು ತಾಗಿಸಿದವನಿಗೆ ಚೆಂಡು ದೊಡ್ಡದಾಗಿಯೇ ಕಾಣುತ್ತದೆ. ಹಾಗಾಗಿ ಸಂಜೆಯ ಪಂದ್ಯದಲ್ಲಿ ‘ಕಲಿಸಲು’ ಬಂದವರು ಸೋತರೆ ಅಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅಲ್ಲಿನವರಿಗೆ ಕೊರತೆ ಇರುವುದು ಸಾಮಾನಿನದು.

ಸಾಮಾನು ಒಯ್ಯುವುದರಲ್ಲೂ ಒಂದು ಲೆಕ್ಕ ಬೇಕು. ಬೇಸ್‌ಬಾಲ್ ಚೆಂಡಿನ ತೂಕ 142ರಿಂದ 149 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಹನ್ನೆರಡು ಡಜನ್ ಚೆಂಡು ಸುಮಾರು 21 ಕಿಲೋ, ಅಂದರೆ 23 ಕಿಲೋ ಮಿತಿಯ ಒಂದು ಚೆಕ್‌ಇನ್ ಬ್ಯಾಗು ಅಲ್ಲಿಗೆ ಭರ್ತಿ. ಬ್ಯಾಟನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ಅದೂ ಕೆಳಗೇ ಹೋಗಬೇಕು. ಚರ್ಮದ ಚೆಂಡು ಒದ್ದೆ ಹುಲ್ಲಿನಲ್ಲಿ ನೀರು ಕುಡಿದು ಭಾರವಾಗುತ್ತದೆ, ಕಲ್ಲು ನೆಲದಲ್ಲಿ ಬೇಗ ಹೊಲಿಗೆ ಬಿಡುತ್ತದೆ. ದಿನದ ಅಭ್ಯಾಸಕ್ಕೆ ಸಿಂಥೆಟಿಕ್ ಹೊದಿಕೆಯದೇ ಬಾಳಿಕೆ. ದಾನಕ್ಕೆ ಬರುವ ಗ್ಲೌಸುಗಳಲ್ಲಿ ಬಹುಪಾಲು ಮನೆಯ ಮಗ ಆರೇಳು ವರ್ಷದವನಿದ್ದಾಗ ಹಾಕಿ ಬಿಟ್ಟವು. ಹದಿಮೂರರ ಹುಡುಗನ ಕೈ ಅದರೊಳಗೆ ಹೋಗದು. ಎಡಗೈಯಲ್ಲಿ ಎಸೆಯುವವನಿಗೆ ಬಲಗೈಗೆ ಹಾಕುವ ಗ್ಲೌಸ್ ಬೇಕು ಎನ್ನುವುದಂತೂ ಪೆಟ್ಟಿಗೆ ತುಂಬುವವರಿಗೆ ನೆನಪಾಗುವುದೇ ಇಲ್ಲ. ಅದಕ್ಕಿಂತ ಮುಖ್ಯ, ಗ್ಲೌಸ್ ಸಾಯುವುದು ಚರ್ಮ ಹರಿದು ಅಲ್ಲ, ಬೆರಳುಗಳ ನಡುವಿನ ಚರ್ಮದ ದಾರ ಕಿತ್ತು. ಒಂದು ಕಟ್ಟು ದಾರ, ಅದನ್ನು ತೂರಿಸುವ ಎರಡು ಸೂಜಿ ಕೊಟ್ಟು ಬಂದರೆ ಮೂಲೆ ಸೇರಿದ ಎಷ್ಟೋ ಗ್ಲೌಸುಗಳು ಮತ್ತೆ ಮೈದಾನಕ್ಕೆ ಬರುತ್ತವೆ. ಫೋಟೊದಲ್ಲಿ ದಾರ ಚೆನ್ನಾಗಿ ಕಾಣುವುದಿಲ್ಲ, ಅಷ್ಟೇ. ಹೊಡೆಯುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮುಖಕವಚ, ಎದೆಕವಚ, ಕಾಲಿನ ಪ್ಯಾಡು ದುಬಾರಿಯಾದ್ದರಿಂದ ಯಾರೂ ಕೊಡುವುದಿಲ್ಲ. ಎಲ್ಲರಿಗೂ ಬೇಕಾದದ್ದು ಅದೇ.

ಕೊಡುವುದು ಯಾರ ಕೈಗೆ? ಮಕ್ಕಳಿಗೆ ನೇರವಾಗಿ ಹಂಚಿದರೆ ಬಸ್ಸು ಹೊರಡುವ ಮೊದಲೇ ಜಗಳ, ಮರುದಿನ ಮಾರಾಟ. ಅಲ್ಲಿನ ಕೋಚ್ ಹೆಸರಿಗೆ ಪಟ್ಟಿ ಬರೆದು, ಇಡೀ ತಂಡದ ಸಾಮಾನೆಂದು ಒಪ್ಪಿಸುವುದೇ ಸರಿ. ಪರಿಹಾರದ ಸಾಮಾನು ದಾರಿಯಲ್ಲೇ ಮಾಯವಾಗುತ್ತಿದೆ ಎಂದು ತಿಳಿದು ತಾವೇ ವಿಮಾನ ಹತ್ತಿದ ಪೋರ್ಟೊರಿಕೊದ ಬೇಸ್‌ಬಾಲ್ ಆಟಗಾರ ರೊಬೆರ್ಟೊ ಕ್ಲೆಮೆಂಟೆ, 1972ರ ಡಿಸೆಂಬರ್ 31ರಂದು ಭೂಕಂಪಕ್ಕೆ ಸಿಕ್ಕ ನಿಕರಾಗುವಾಗೆ ಹೊರಟವರು, ಅಪಘಾತದಲ್ಲಿ ಸತ್ತರು. ಅತಿಭಾರ ತುಂಬಿದ್ದ ವಿಮಾನ ಅದು.

ತರಬೇತಿ ಹೊತ್ತಿನಲ್ಲಿ ಮಕ್ಕಳನ್ನು ಹತ್ತು ಹನ್ನೆರಡರ ಗುಂಪು ಮಾಡಿ, ಎಸೆತ, ನೆಲದ ಚೆಂಡು, ಹೊಡೆತ, ಓಟ ಎಂದು ನಾಲ್ಕು ಕಡೆ ಹನ್ನೆರಡು ನಿಮಿಷಕ್ಕೊಮ್ಮೆ ತಿರುಗಿಸಿದರೆ ಬಿಸಿಲೇರುವ ಮೊದಲು ಕೆಲಸ ಮುಗಿಯುತ್ತದೆ. ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆಯುವವನ ಮುಂದೆ ಬಲೆ ಪರದೆ ಇರಬೇಕು. ಅಲ್ಲಿ ಅದು ಸಿಗುವುದು ಕಷ್ಟ. ಪರದೆಯಿಲ್ಲದೆ ಹತ್ತಿರದಿಂದ ಎಸೆದರೆ ನೇರ ಹೊಡೆತ ಎದೆಗೋ ಮುಖಕ್ಕೋ ಬರುತ್ತದೆ. ಇನ್ನೊಂದು ಅಪಾಯ, ಹೋದ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಹುಡುಗನದು. ರಜೆಯಲ್ಲಿ ತೋಳಿಗೆ ಅಭ್ಯಾಸ ಇರುವುದಿಲ್ಲ, ಸುತ್ತ ಜನ ನಿಂತಿದ್ದಾರೆಂದು ಪೂರ್ತಿ ಜೋರಿನಲ್ಲಿ ಎಸೆಯುತ್ತಾನೆ. 17–18ರ ವಯಸ್ಸಿಗೆ ದಿನಕ್ಕೆ 105 ಎಸೆತದ ಮಿತಿ ಇದೆಯಾದರೂ ಅದು ಅಭ್ಯಾಸದಲ್ಲಿರುವ ತೋಳಿಗೆ ಹೇಳಿದ್ದು.

ಆಮೇಲೆ ‘ಸಾಕ್ಷಿ’. ಹತ್ತೊಂಬತ್ತರ ಹುಡುಗ ಎದ್ದು ನಿಂತು ದೇವರು ತನ್ನ ಬದುಕನ್ನು ಹೇಗೆ ತಿರುಗಿಸಿದ ಎಂದು ಹೇಳಬೇಕು. ನಮ್ಮ ಹುಡುಗರಿಗೆ ಇದು ಮುಜುಗರ. ನಮ್ಮಲ್ಲಿ ಭಕ್ತಿಯನ್ನು ಹಾಡುತ್ತೇವೆ, ಬಡಿಸುತ್ತೇವೆ, ಮೈಕಿನಲ್ಲಿ ನಮ್ಮ ಕಥೆ ಹೇಳುವುದಿಲ್ಲ. ಐದು ನಿಮಿಷದ ಮಾತು ದುಭಾಷಿಯ ಬಾಯಲ್ಲಿ ಹತ್ತಾಗುತ್ತದೆ, ಮಕ್ಕಳು ಚಡಪಡಿಸುತ್ತಾರೆ. ನಿಜವಾದ ತೊಂದರೆ ಮಾತಿನ ಒಳಗಿದೆ. ‘ನಂಬಿದೆ, ಸ್ಕಾಲರ್‌ಶಿಪ್ ಸಿಕ್ಕಿತು’ ಎಂದು ಇವನು ಹೇಳಿದರೆ, ಹದಿನಾರಕ್ಕೆ ಮೇಜರ್ ಲೀಗ್ ಒಪ್ಪಂದದ ಕನಸು ಕಾಣುವ, ಅದಕ್ಕಾಗಿ ಶಾಲೆ ಬಿಟ್ಟ ಹುಡುಗ ಅದನ್ನು ವ್ಯವಹಾರವಾಗಿಯೇ ಕೇಳಿಸಿಕೊಳ್ಳುತ್ತಾನೆ. ‘ಸ್ಕೌಟ್‌ಗೆ (ತಂಡಗಳಿಗಾಗಿ ಆಟಗಾರರನ್ನು ಹುಡುಕುವವನಿಗೆ) ನಿನ್ನ ಬಗ್ಗೆ ಹೇಳುತ್ತೇನೆ’ ಎಂಬ ಬಾಯಿಮಾತು ಇನ್ನೂ ಕೆಟ್ಟದ್ದು. ಅಂದಹಾಗೆ ಅಲ್ಲಿನ ಬಹುಪಾಲು ಜನ ಮೊದಲೇ ಕ್ರೈಸ್ತರು, ಹಲವರು ಕ್ಯಾಥೊಲಿಕರು.

ಖರ್ಚಿನ ವಿಷಯದಲ್ಲಿ ಈ ಮಿಷನ್ ತಂಡಗಳದು ನಮಗಿಂತ ಚೊಕ್ಕ. ಹುಡುಗ ನೆಂಟರಿಗೆ, ಚರ್ಚಿನವರಿಗೆ ಪತ್ರ ಬರೆದು ಹಣ ಕೇಳುತ್ತಾನೆ, ಹಣ ಅವನ ಕೈಗೆ ಬಾರದೆ ಸಂಸ್ಥೆಯ ಖಾತೆಗೆ ಹೋಗುತ್ತದೆ, ಬಂದ ಮೇಲೆ ವರದಿ ಒಪ್ಪಿಸುತ್ತಾನೆ. ನಾವು ಗಣೇಶನ ಚಂದಾಕ್ಕೆ ರಸೀದಿ ಪುಸ್ತಕ ಹಿಡಿದು ಹೊರಡುತ್ತೇವೆ, ಲೆಕ್ಕ ಕೇಳಿದವನನ್ನು ಗುರಾಯಿಸುತ್ತೇವೆ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸುವವರೂ ನಾವೇ. ಅವರ ಟಿ-ಶರ್ಟು, ಸೆಲ್ಫಿಗಳನ್ನು ಆಡಿಕೊಳ್ಳುವ ಮೊದಲು ಇದು ನೆನಪಿರಲಿ.

ಎನ್‌ಎಸ್‌ಎಸ್ ವಿಶೇಷ ಶಿಬಿರವೂ ಏಳೇ ದಿನ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ಬ್ಯಾನರ್ ಮುಂದೆ ಗುದ್ದಲಿ ಹಿಡಿದ ಫೋಟೊ. ತೋಡಿದ ಚರಂಡಿಯ ಹೂಳನ್ನು ಮಳೆಗಾಲದ ನಂತರ ತೆಗೆಯುವವರು ಯಾರೆಂದು ಮೊದಲೇ ಗೊತ್ತುಮಾಡದಿದ್ದರೆ ಅದು ಮುಚ್ಚಿಯೇ ಹೋಗುತ್ತದೆ. ಮಿಷನ್ ಪ್ರವಾಸಗಳಲ್ಲೂ ಗಾರೆ ಕೆಲಸ ಬಾರದ ಹುಡುಗರು ಗೋಡೆ ಕಟ್ಟುತ್ತಾರೆ, ಊರಿನ ಮೇಸ್ತ್ರಿಗೆ ಕೂಲಿ ತಪ್ಪುತ್ತದೆ. ಎನ್‌ಎಸ್‌ಎಸ್‌ನ ಒಂದು ಅನುಕೂಲವೆಂದರೆ ದತ್ತು ಪಡೆದ ಹಳ್ಳಿ ಬಸ್ಸಿನ ದೂರದಲ್ಲಿರುತ್ತದೆ, ಮತ್ತೆ ಹೋಗಬಹುದು. ಮತ್ತೆ ಹೋಗುವುದೇ ಇಲ್ಲಿ ಮುಖ್ಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಗುರಿ ಮತಪ್ರಚಾರವೇ ಆಗಿತ್ತು, ಮುಚ್ಚಿಟ್ಟಿರಲೂ ಇಲ್ಲ. ಆದರೆ ಅವರು ನೆಲೆ ನಿಂತು ಭಾಷೆ ಕಲಿತರು. 1843ರಲ್ಲಿ ‘ಮಂಗಳೂರ ಸಮಾಚಾರ’, 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ಲರ ನಿಘಂಟು ಬಂದವು. ವಾರದ ತಂಡಗಳಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಮೇಜರ್ ಲೀಗ್‌ನ ಡಾಡ್ಜರ್ಸ್ ತಂಡದ ಪಿಚರ್ ಕ್ಲೇಟನ್ ಕರ್ಶಾ 22ರ ವಯಸ್ಸಿನಲ್ಲಿ, 2011ರ ಆರಂಭದಲ್ಲಿ ಹೆಂಡತಿಯ ಜೊತೆ ಜಾಂಬಿಯಾಕ್ಕೆ ಹೋಗಿ ಬಂದರು. ಆ ಋತುವಿನ ಪ್ರತಿ ಸ್ಟ್ರೈಕ್‌ಔಟಿಗೆ (ಹೊಡೆಯುವವನನ್ನು ಎಸೆತದಿಂದಲೇ ಔಟ್ ಮಾಡುವುದು) 100 ಡಾಲರ್‌ನಂತೆ ಅಲ್ಲಿನ ಅನಾಥಾಶ್ರಮಕ್ಕೆ ಮುಡಿಪಿಟ್ಟರು. ಆ ವರ್ಷ ಅವರ ಸ್ಟ್ರೈಕ್‌ಔಟ್ 248. ಹೋಗಿ ಬಂದ ಮೇಲೂ ತನ್ನ ಕಸುಬಿನಿಂದಲೇ ದುಡಿದು ಕೊಟ್ಟದ್ದು ನನಗೆ ಮೆಚ್ಚುಗೆ.

ಈಗೀಗ ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳ ಹುಡುಗರಿಗೂ ತಂಡದ ಗೆಳೆಯರಿಂದ ಇಂಥ ಕರೆ ಬರುತ್ತದೆ. ಅರ್ಜಿಯಲ್ಲಿ ನಂಬಿಕೆಯ ಹೇಳಿಕೆಗೆ ಸಹಿ ಕೇಳಿದ್ದಾರೆಯೇ, ಸಾಕ್ಷಿ ಹೇಳಲೇಬೇಕೇ, ಬರೀ ಆಟ ಕಲಿಸಲು ಬಿಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲು ಕೇಳಿ. ನೇರವಾಗಿ ಕೇಳಿದರೆ ಅವರು ಬೇಸರಿಸುವುದಿಲ್ಲ, ನೇರವಾಗಿಯೇ ಹೇಳುತ್ತಾರೆ. ಹುಡುಗ ಭಾರತದ ಪಾಸ್‌ಪೋರ್ಟಿನಲ್ಲಿ ಎಚ್-4 (ಎಚ್-1ಬಿಯಂಥ ಕೆಲಸದ ವೀಸಾದವರ ಮಕ್ಕಳು, ಸಂಗಾತಿಗೆ ಕೊಡುವ ವೀಸಾ) ಮೇಲೆ ಇದ್ದರೆ ಇನ್ನೊಂದು ವಿಷಯ: ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಡೊಮಿನಿಕನ್ ರಿಪಬ್ಲಿಕ್ ಬೇರೆ ವೀಸಾ ಕೇಳುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದು ಕೈಯಲ್ಲಿ ಐ-797 ಕಾಗದ (ಅಮೆರಿಕದಲ್ಲಿ ಉಳಿಯಲು ವಲಸೆ ಇಲಾಖೆ ಕೊಡುವ ಒಪ್ಪಿಗೆ ಪತ್ರ) ಮಾತ್ರ ಇದ್ದರೆ, ತಂಡವೆಲ್ಲ ವಾಪಸ್ ವಿಮಾನ ಹತ್ತುವಾಗ ಇವನೊಬ್ಬ ಅಲ್ಲೇ ಉಳಿಯಬೇಕಾಗುತ್ತದೆ. ಟಿಕೆಟ್‌ಗೂ ಮೊದಲು ಆ ತಾರೀಕು ನೋಡಿಕೊಳ್ಳಿ.