ಕತ್ತರಿ ಮೊದಲು ಸೊಂಟದ ಕಡೆ

ನನ್ನ ಎತ್ತರ 4 ಅಡಿ 11 ಇಂಚು. ಯಾರಾದರೂ ಕೇಳಿದರೆ 5 ಅಡಿ ಅನ್ನುತ್ತೇನೆ. ಆ ಒಂದು ಇಂಚು ಬಿಟ್ಟರೆ ನಾನು ಬೇರೆ ಸುಳ್ಳು ಹೇಳುವುದಿಲ್ಲ ಅಂದರೆ ಅದು ಎರಡನೇ ಸುಳ್ಳು.

ಹೋದ ತಿಂಗಳು ಆಫೀಸಿಗೆ ಹಾಕಿಕೊಳ್ಳಲು ಎರಡು ಸ್ಕರ್ಟ್ ಬೇಕಿತ್ತು. ಒಂದು ಮಾಲ್‌ಗೆ ಹೋದೆ. ಯಾವುದು ಅಂತ ಕೇಳಬೇಡಿ, ಎಲ್ಲ ಕಡೆಯೂ ಇದೇ ಕಥೆ. ಆರು ಸ್ಕರ್ಟ್ ಎತ್ತಿಕೊಂಡು ಟ್ರಯಲ್ ರೂಮಿಗೆ ಹೋದೆ, ಆರನ್ನೂ ವಾಪಸ್ ತಂದೆ. ಅಲ್ಲಿದ್ದ ಹುಡುಗಿ ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದಳು: “ಮೇಡಂ, ಮೇಲಿನ ಫ್ಲೋರಲ್ಲಿ ಕಿಡ್ಸ್ ಸೆಕ್ಷನ್ ಇದೆ, ಒಂದ್ಸಲ ಅಲ್ಲಿ ನೋಡಿ.” ನನಗೆ 41 ವರ್ಷ. ಮಗಳು ಪಿಯುಸಿ. ಅವಳೇ ಕಿಡ್ಸ್ ಸೆಕ್ಷನ್ ಕಡೆ ತಲೆ ಹಾಕದೆ ನಾಲ್ಕು ವರ್ಷ ಆಯಿತು.

ಸತ್ಯ ಹೇಳಬೇಕಲ್ವಾ, ಹೋಗಿ ನೋಡಿದೆ. 13-14 ವರ್ಷದವರ ಸೈಜ್. ಉದ್ದ ಹೇಳಿ ಮಾಡಿಸಿದ ಹಾಗಿತ್ತು. ಸೊಂಟವೂ ಆಯಿತು. ಹಿಂದೆ ಮಾತ್ರ ಬಟ್ಟೆ ಉಸಿರು ಬಿಗಿಹಿಡಿದು ನಿಂತಿತ್ತು. ಮಕ್ಕಳ ಬಟ್ಟೆಯಲ್ಲಿ ಸೊಂಟಕ್ಕೂ ಹಿಪ್‌ಗೂ ಅಂಥ ವ್ಯತ್ಯಾಸ ಇಟ್ಟಿರುವುದಿಲ್ಲ. ಸಾಲದ್ದಕ್ಕೆ ಜೇಬಿನ ಮೇಲೊಂದು ಮಿಣಮಿಣ ಮಿಂಚುವ ಬೆಕ್ಕಿನ ಮರಿ. ಅಪ್ರೈಸಲ್‌ಗೆ ಮ್ಯಾನೇಜರ್ ಎದುರು ಕೂರುವಾಗ ಬೆಕ್ಕಿನ ಮರಿ ಬೇಡ ಅನಿಸಿತು.

ಕುಳ್ಳಗಿರುವವರಿಗೆ ಬುದ್ಧಿ ಹೇಳದವರೇ ಇಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಸ್ಕೂಲಿನಿಂದ ಕೇಳುತ್ತಾ ಬಂದಿದ್ದೇನೆ. ಕೀರ್ತಿ ಇನ್ನೂ ದಾರಿಯಲ್ಲಿದೆ. ಈಗ ಮೊಬೈಲ್ ತೆರೆದರೆ ಬೇರೆ ಥರದ ಬುದ್ಧಿಮಾತು. ಹೀಲ್ಸ್ ಹಾಕಿ. ಉದ್ದ ಗೆರೆಯ ಬಟ್ಟೆ ತೊಡಿ. ಮೇಲೆ ಕೆಳಗೆ ಒಂದೇ ಬಣ್ಣ ಇರಲಿ. ಹೈ ವೇಸ್ಟ್ ಹಾಕಿ, ಕಾಲು ಉದ್ದ ಕಾಣುತ್ತದೆ. ಇದರಲ್ಲಿ ಒಂದೆರಡು ನಿಜ ಇರಬಹುದು. ಆದರೆ ನನಗೆ ಎತ್ತರ ಕಾಣಬೇಕು ಅಂತ ಹೇಳಿದ್ದು ಯಾರು? ನನ್ನನ್ನು ನೋಡಿದವರಿಗೆಲ್ಲ ನಾನು ಕುಳ್ಳಿ ಅಂತ ಗೊತ್ತು. ನನಗೆ ಬೇಕಿರುವುದು ನನ್ನ ಮೈಮೇಲೆ ಸರಿಯಾಗಿ ಕೂರುವ ಸ್ಕರ್ಟ್, ಅಷ್ಟೆ.

ಅದು ಯಾಕೆ ಕೂರುವುದಿಲ್ಲ ಅಂತ ನನಗೆ ತಿಳಿಸಿಕೊಟ್ಟವರು ನನ್ನ ಚಿಕ್ಕಮ್ಮ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಹೊಲಿದವರು. ಅವರ ಲೈನಿಗೆ ಹೊರದೇಶದ ಸ್ಕರ್ಟ್ ಆರ್ಡರ್ ಬಂದಾಗ ‘ಪಿ’ ಅಂತ ಚೀಟಿ ಹಾಕಿದ ಬಂಡಲ್ ಬೇರೆಯೇ ಇರುತ್ತಿತ್ತಂತೆ. ಪಿ ಅಂದರೆ ಪೆಟೀಟ್. ಹೊಸದರಲ್ಲಿ ಅವರೂ ಅದನ್ನು ಸುಮ್ನೆ ಗಿಡ್ಡ ಸ್ಕರ್ಟ್ ಅಂದುಕೊಂಡಿದ್ದರು. “ಇಲ್ಲ ಪುಟ್ಟಿ, ಒಂದರ ಮೇಲೊಂದು ಇಟ್ಟು ನೋಡಿದ್ರೆ ಎಲ್ಲಾನೂ ಬೇರೆ. ಜಿಪ್ ಗಿಡ್ಡ. ಜೇಬು ಮೇಲೆ. ಹಿಪ್ ಉಬ್ಬೋ ಜಾಗಾನೂ ಮೇಲೆ.”

ಹೊರದೇಶದ ಅಂಗಡಿಗಳಲ್ಲಿ ಪೆಟೀಟ್ ಅಂದರೆ ಸುಮಾರು 5 ಅಡಿ 4 ಇಂಚು, ಅದಕ್ಕಿಂತ ಕಡಿಮೆ ಎತ್ತರದವರಿಗೆ ಮಾಡಿದ್ದು. ದಪ್ಪ ಸಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. 1940ರ ದಶಕದಲ್ಲಿ ಅಮೆರಿಕದ ಹ್ಯಾನಾ ಟ್ರಾಯ್ ಎಂಬ ವಿನ್ಯಾಸಕಿ ಇದನ್ನು ಚಾಲ್ತಿಗೆ ತಂದರು. ಸೊಂಟದ ಹತ್ತಿರ ಬಟ್ಟೆ ಹೆಚ್ಚಾಗಿ ಎಷ್ಟೋ ಹೆಂಗಸರು ಅಲ್ಲೇ ಆಲ್ಟರ್ ಮಾಡಿಸಿಕೊಳ್ಳುವುದನ್ನು ಅವರು ಗಮನಿಸಿದ್ದರು. ಈಗ ನಮ್ಮ ಲೆಕ್ಕ ನೋಡಿ. ಭಾರತದ ಹೆಂಗಸರ ಸರಾಸರಿ ಎತ್ತರವೇ ಹತ್ತಿರ ಹತ್ತಿರ 5 ಅಡಿ. ಅಂದರೆ ಅಲ್ಲಿಯವರ ಪೆಟೀಟ್ ನಮ್ಮಲ್ಲಿ ಮಾಮೂಲಿ ಸೈಜ್! ಮೆಜೆಸ್ಟಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ನಮ್ಮದೇ ಅಳತೆ ಚಾರ್ಟ್ ಬೇಕು ಅಂತ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಎಂಬ ಸರ್ವೆ ಕೈಗೆತ್ತಿಕೊಂಡಿತು. 6 ನಗರಗಳಲ್ಲಿ 25 ಸಾವಿರ ಜನರ ಮೈ ಅಳತೆಯನ್ನು 3ಡಿ ಸ್ಕ್ಯಾನರ್‌ನಲ್ಲಿ ತೆಗೆಯುವ ಯೋಜನೆ ಅದು. ನನ್ನ ಟ್ರಯಲ್ ರೂಮಿನ ತನಕ ಅದರ ಗಾಳಿ ಇನ್ನೂ ಬೀಸಿಲ್ಲ. ಪೀಣ್ಯದಲ್ಲಿ ಐದಡಿಯ ಹೆಂಗಸರು ಹೊಲಿದ ಐದಡಿಯವರ ಸ್ಕರ್ಟ್ ಹಡಗು ಹತ್ತಿ ಹೋಗುತ್ತದೆ. ನಾವು ಇಲ್ಲಿ ಐದೂವರೆ ಅಡಿಯವರದನ್ನು ತಂದು ಕತ್ತರಿಸುತ್ತಾ ಕೂರುತ್ತೇವೆ.

ಆ ಕತ್ತರಿಸುವ ವಿಷಯಕ್ಕೇ ಬಂದೆ.

ಉದ್ದ ಆಯಿತು ಅಂದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ. ಆಲ್ಟರೇಷನ್ ಅಂಗಡಿಗೆ ಕೊಟ್ಟು ಕೆಳಗಿಂದ ನಾಲ್ಕು ಇಂಚು ಹಾರಿಸುವುದು. ನಾನು ಹೀಗೆ ಎಷ್ಟು ಸ್ಕರ್ಟ್ ಹಾಳು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದು ಪೆನ್ಸಿಲ್ ಸ್ಕರ್ಟ್ ಮಾತ್ರ ಇನ್ನೂ ಬೀರುವಿನಲ್ಲಿದೆ, ಅದರ ಸಂಕಟ ಹೇಳುತ್ತೇನೆ. ಉದ್ದ 24 ಇಂಚು. ಹಿಂದಿನ ಸೀಳು 6 ಇಂಚು. ಕೆಳಗೆ 4 ಇಂಚು ಕತ್ತರಿಸಿದ ಮೇಲೆ ಸೀಳು ಉಳಿದದ್ದು 2. ಅದನ್ನು ಹಾಕಿಕೊಂಡು ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತಿ ನೋಡಿ. ಕಂಡಕ್ಟರ್ “ಬೇಗ ಹತ್ತಮ್ಮಾ” ಅಂತಾರೆ, ಮಂಡಿ ಮಾತ್ರ ಜಗ್ಗುವುದಿಲ್ಲ. ಪೆನ್ಸಿಲ್ ಸ್ಕರ್ಟಿನ ಅಂದ ಇರುವುದೇ ಕೆಳಗೆ ಹೋಗುತ್ತಾ ಕಿರಿದಾಗುವುದರಲ್ಲಿ. ಆ ಕಿರಿದಾದ ಭಾಗವೇ ಕತ್ತರಿಗೆ ಹೋದರೆ ಉಳಿಯುವುದು ಡಬ್ಬ.

ಅಷ್ಟಾದರೂ ಸೊಂಟದ ಕೆಳಗೆ ಬಟ್ಟೆ ಅಡ್ಡಡ್ಡ ಸುಕ್ಕುಗಟ್ಟುವುದು ನಿಲ್ಲಲಿಲ್ಲ. ನನ್ನ ಹೊಟ್ಟೆಯದೇ ತಪ್ಪು ಅಂದುಕೊಂಡಿದ್ದೆ. ಎರಡು ತಿಂಗಳು ಅನ್ನ ಬಿಟ್ಟಿದ್ದೂ ಉಂಟು. ಕೊನೆಗೆ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಟೈಲರ್ ಮಾಸ್ಟರ್ ಟೇಪು ಹಿಡಿದು ಎರಡೇ ನಿಮಿಷದಲ್ಲಿ ತೋರಿಸಿದರು. ಸ್ಕರ್ಟಿನಲ್ಲಿ ಸೊಂಟದಿಂದ ಹಿಪ್ ತನಕ ಎಂಟೂವರೆ ಇಂಚು ಇಟ್ಟಿದ್ದಾರೆ. ನನ್ನ ಮೈಯಲ್ಲಿ ಅದು ಏಳೇ ಇಂಚು. ಸ್ಕರ್ಟಿನ ಹಿಪ್ ನನ್ನ ಹಿಪ್ಪಿಗಿಂತ ಕೆಳಗೆ ಕೂತಿದೆ. ಅಗಲವಾದ ಜಾಗ ಹುಡುಕಿಕೊಂಡು ಬಟ್ಟೆ ಮೇಲಕ್ಕೆ ಏರುತ್ತದೆ, ಸೊಂಟದ ಹತ್ತಿರ ಬಂದು ಮುದುರಿಕೊಳ್ಳುತ್ತದೆ. ಅನ್ನದ ತಪ್ಪೇನೂ ಇರಲಿಲ್ಲ.

“ಇದನ್ನ ಮೊದಲು ಮೇಲಿಂದ ತೆಗೀಬೇಕು ಕಣಮ್ಮಾ” ಅಂದರು ಮಾಸ್ಟರ್. ಅದೇ ದಿನ ಇನ್ನೊಂದು ಹೊಸ ಸ್ಕರ್ಟ್ ಕೊಟ್ಟೆ. ಸೊಂಟದ ಬೆಲ್ಟ್ ಬಿಚ್ಚಿದರು. ಮೇಲಿಂದ ಒಂದೂವರೆ ಇಂಚು ತೆಗೆದರು. ಹಾಗೆ ತೆಗೆದಾಗ ಸೊಂಟ ಸ್ವಲ್ಪ ಅಗಲವಾಗುತ್ತದೆ, ಅದನ್ನು ಟಕ್ಸ್‌ನಲ್ಲಿ, ಅಂದರೆ ಒಳಗೆ ಚಿಕ್ಕ ಮಡಿಕೆ ಹೊಲಿದು, ಹಿಡಿದರು. ಜಿಪ್ ಇಳಿಸಿ ಬೆಲ್ಟ್ ಮತ್ತೆ ಕೂರಿಸಿದರು. ಮಿಕ್ಕ ಎರಡು ಇಂಚು ಮಾತ್ರ ಕೆಳಗಿಂದ. 350 ರೂಪಾಯಿ ತಗೊಂಡರು. ಕೆಳಗೆ ಮಡಿಚಿ ಹೊಲಿಯಲು ಅವರೇ ತೆಗೆದುಕೊಳ್ಳುವುದು 80. ಆ 270 ರೂಪಾಯಿ ವ್ಯತ್ಯಾಸಕ್ಕೆ ನಾನು ಒಂದು ಮಾತೂ ಆಡಲಿಲ್ಲ. ಸ್ಕರ್ಟ್ ಹಾಕಿಕೊಂಡು ಕನ್ನಡಿ ಮುಂದೆ ತಿರುಗಿದೆ, ಎಲ್ಲೂ ಒಂದು ಸುಕ್ಕಿಲ್ಲ.

ತಮಾಷೆ ಏನು ಗೊತ್ತಾ? ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಜರಿ ಅಂಚಿನ ಲಂಗ ಹೊಲಿಸುವಾಗ ಯಾರಾದರೂ ಕೆಳಗಿಂದ ಕತ್ತರಿಸುತ್ತಾರಾ? ಅಂಚಿಗೆ ಕತ್ತರಿ ಹಾಕಿದರೆ ಮನೆಯಲ್ಲಿ ಮೂರು ದಿನ ಮಾತುಕತೆ ಬಂದ್. ಅಂಚು ಕೆಳಗೆ ಎಲ್ಲಿರಬೇಕೋ ಅಲ್ಲೇ ಇರಬೇಕು, ಹೆಚ್ಚು ಕಡಿಮೆ ಎಲ್ಲ ಸೊಂಟದ ಕಡೆ. ಬೆಳೆಯುವ ಹುಡುಗಿ ಅಂತ ಒಂದೆರಡು ಮಡಿಕೆ ಹಾಕಿ ಹೊಲಿಸುತ್ತಿದ್ದರು. ವರ್ಷಕ್ಕೊಂದು ಬಿಚ್ಚಿದರೆ ಲಂಗವೂ ಜೊತೆಯಲ್ಲೇ ಬೆಳೆಯುತ್ತಿತ್ತು. ನನ್ನ ಲಂಗದ ಎರಡನೇ ಮಡಿಕೆ ಬಿಚ್ಚುವ ಸಂದರ್ಭ ಬರಲೇ ಇಲ್ಲ, ಅದು ಬೇರೆ ಮಾತು. ಸೀರೆಯೂ ಹಾಗೆಯೇ. ಅದರ ಅಗಲ 45 ಇಂಚಿನ ಆಸುಪಾಸು. ಉದ್ದದವರು ಕಡಿಮೆ ಸಿಕ್ಕಿಸಿಕೊಳ್ಳುತ್ತಾರೆ, ಕುಳ್ಳಿಯರು ಜಾಸ್ತಿ. ಸೀರೆ ಅಂಗಡಿಯಲ್ಲಿ ನನ್ನನ್ನು ಮೇಲಿನ ಫ್ಲೋರಿಗೆ ಕಳಿಸಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಆದರೆ ಎಲ್ಲ ಸ್ಕರ್ಟನ್ನೂ ಮೇಲಿಂದ ತೆಗೆಯಬೇಡಿ. ಪೂರ್ತಿ ಗೋಲ ಬಿಡಿಸಿದ ಅಂಬ್ರೆಲಾ ಸ್ಕರ್ಟ್ ಇದೆಯಲ್ಲ, ಅದಕ್ಕೆ ಈ ಮಾತು ತಲೆಕೆಳಗು. 28 ಇಂಚು ಸೊಂಟದ ಅಂಬ್ರೆಲಾದಲ್ಲಿ ಮೇಲಿಂದ 3 ಇಂಚು ತೆಗೆದರೆ ಸೊಂಟದ ಸುತ್ತಳತೆ 46 ದಾಟುತ್ತದೆ. ನೀವು, ನಿಮ್ಮ ತಂಗಿ ಇಬ್ಬರೂ ಒಟ್ಟಿಗೆ ತೊಡಬಹುದು. ಅದನ್ನು ಕೆಳಗಿಂದಲೇ ತೆಗೆಯಬೇಕು. ಅದೂ ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿದ ಮೇಲೆ. ಬಟ್ಟೆಯ ಎಳೆಗೆ ಓರೆಯಾಗಿ ಬರುವ ಭಾಗ ಜಗ್ಗಿ ಇಳಿಯುತ್ತದೆ. ಆಮೇಲೆ ಸುತ್ತ ಸಮ ಮಾಡಿ ಹೊಲಿಯಬೇಕು. ನೇರ ಬಟ್ಟೆಗೆ ನೆರಿಗೆ ಹಿಡಿದ ಸ್ಕರ್ಟಾದರೆ ಮೇಲಿಂದ ಎಷ್ಟು ಬೇಕಾದರೂ ತೆಗೆಯಿರಿ, ಏನೂ ಆಗುವುದಿಲ್ಲ.

ಉದ್ದ ಎಲ್ಲಿಗೆ ನಿಲ್ಲಬೇಕು ಅನ್ನುವುದಕ್ಕೆ ನಾನು ಕಂಡುಕೊಂಡ ಲೆಕ್ಕ ಒಂದಿದೆ. ಲೇಬಲ್ಲಿನಲ್ಲಿ ಇರುವುದನ್ನು ಒಂದು ಮೆಟ್ಟಿಲು ಇಳಿಸಿ ಓದಿಕೊಳ್ಳುವುದು. ನನ್ನ ಸೊಂಟದಿಂದ ಮಂಡಿಗೆ 20 ಇಂಚು, ನೆಲಕ್ಕೆ 36. ಅವರ ಮಿನಿ ನನಗೆ ಮಂಡಿ ಮುಟ್ಟುವಷ್ಟಿರುತ್ತದೆ. 30 ಇಂಚಿನ ಮಿಡಿ ನನಗೆ ಮ್ಯಾಕ್ಸಿ. 40 ಇಂಚಿನ ಮ್ಯಾಕ್ಸಿ ನೆಲ ಒರೆಸಲು ಚೆನ್ನಾಗಿದೆ, ಮೆಟ್ರೋ ಎಸ್ಕಲೇಟರ್ ಹತ್ತುವಾಗ ಮಾತ್ರ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಳ್ಳಿ. ಇವೆಲ್ಲದರ ನಡುವೆ ನಿಜವಾದ ಮೋಸಗಾರ ಅಂದರೆ ‘ನೀ ಲೆಂತ್’, ಅಂದರೆ ಮಂಡಿಯುದ್ದ ಅಂತ ಮಾರುವ 24 ಇಂಚಿನದು. ಅದು ಸೀದಾ ಮೀನಖಂಡದ ದಪ್ಪ ಜಾಗದಲ್ಲಿ ಬಂದು ನಿಲ್ಲುತ್ತದೆ. ಕಾಲನ್ನು ಅಲ್ಲೇ ಕಡಿದು ಅಂಟಿಸಿದ ಹಾಗೆ ಕಾಣುತ್ತದೆ. ಸ್ಕರ್ಟಿನ ಅಂಚು ಕಾಲು ಸಣ್ಣಗಿರುವ ಕಡೆ ಮುಗಿಯಬೇಕು. ಮಂಡಿಯ ಹತ್ತಿರ ಮುಗಿಯಲಿ, ಇಲ್ಲ ಪಾದದ ಗಂಟಿನ ಮೇಲೆ ಮುಗಿಯಲಿ. ನಡುವೆ ಬೇಡ.

ಹೈ ವೇಸ್ಟ್ ಬಗ್ಗೆ ನನ್ನದೊಂದು ತಕರಾರಿದೆ. ಕುಳ್ಳಗಿರುವವರೆಲ್ಲ ಒಂದೇ ಥರ ಕುಳ್ಳಗಿರುವುದಿಲ್ಲ. ನನ್ನ ಅಕ್ಕನಿಗೆ ಕಾಲು ಗಿಡ್ಡ, ಅವಳಿಗೆ ಹೈ ವೇಸ್ಟ್ ಚೆನ್ನಾಗಿ ಒಪ್ಪುತ್ತದೆ. ನನಗೆ ಗಿಡ್ಡ ಇರುವುದು ಭುಜದಿಂದ ಸೊಂಟದ ತನಕ. ಮೂರಿಂಚು ಅಗಲದ ಬೆಲ್ಟ್ ಇರುವ ಹೈ ವೇಸ್ಟ್ ಹಾಕಿಕೊಂಡರೆ ಅದು ಪಕ್ಕೆಲುಬಿನ ತನಕ ಬರುತ್ತದೆ. ಕೂತಾಗ ಚುಚ್ಚುತ್ತದೆ. ಕೆಎಸ್ಆರ್‌ಟಿಸಿಯಲ್ಲಿ ಮೈಸೂರಿನ ತನಕ ಹಾಗೆ ಕೂತು ಬಂದವಳು ನಾನು, ಅನುಭವದಿಂದ ಹೇಳುತ್ತಿದ್ದೇನೆ. ನನಗೆ ಒಂದಿಂಚಿನ ಬೆಲ್ಟ್ ಸಾಕು. ಮುಂದೆ ಸಪಾಟಾಗಿರಬೇಕು, ಹಿಂದೆ ಮಾತ್ರ ಇಲಾಸ್ಟಿಕ್.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಜಿ ಹಾಕಿದ ಹಾಗೆ ನಿಲ್ಲುವ ಬಟ್ಟೆಗೆ ನೆರಿಗೆ ಹಿಡಿದರೆ ನಮ್ಮಂಥವರು ಟೀ ಪಾಟಿನ ಮೇಲೆ ಮುಚ್ಚುವ ಟೋಪಿ. ರೇಯಾನ್, ಕ್ರೇಪ್, ಮಲ್ ಕಾಟನ್ ಇಳಿಬೀಳುತ್ತವೆ. ದಪ್ಪ ಖಾದಿ ಇಷ್ಟವಾದರೆ ನೆರಿಗೆ ಬಿಟ್ಟು ಎ ಲೈನ್ ಹೊಲಿಸಿ, ಮೇಲೆ ಕಿರಿದಾಗಿ ಕೆಳಗೆ ಹೋಗುತ್ತಾ ಅಗಲವಾಗುವುದು. ಪ್ಲೀಟ್ಸ್ ಬೇಕೇ ಬೇಕು ಅಂದರೆ ಹಿಪ್ ತನಕ ಹೊಲಿಗೆ ಹಾಕಿಸಿ, ಅಲ್ಲಿಂದ ಕೆಳಗೆ ಬಿಡಿ. ಪ್ರಿಂಟ್ ದೊಡ್ಡದಿರಬಾರದು ಅನ್ನುತ್ತಾರೆ. ನಾನು ತಟ್ಟೆಯಷ್ಟು ದೊಡ್ಡ ಹೂವಿನದನ್ನೇ ಹಾಕುತ್ತೇನೆ. ನನಗಿಷ್ಟ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಎಸ್, ಎಂ ನೋಡಿ ಮೋಸ ಹೋಗಬೇಡಿ. ಅದು ಸುತ್ತಳತೆ ಮಾತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಉದ್ದ ಇಂಚಿನಲ್ಲಿ ಇರುತ್ತದೆ. ಎಷ್ಟೋ ಕಡೆ ಮಾಡೆಲ್ ಎತ್ತರವನ್ನೂ ಹಾಕಿರುತ್ತಾರೆ. 5 ಅಡಿ 8 ಇಂಚಿನ ಹುಡುಗಿಗೆ ಮಂಡಿಗೆ ಬಂದ ಸ್ಕರ್ಟ್ ನನಗೆ ಎಲ್ಲಿಗೆ ಬರುತ್ತದೆ ಅಂತ ಟೇಪು ಹಿಡಿದು ಗೋಡೆಗೆ ನಿಂತು ನೋಡಿಯೇ ಆರ್ಡರ್ ಮಾಡುತ್ತೇನೆ. ದಿನಾ ಹಾಕುವ ಚಪ್ಪಲಿ ಕಾಲಲ್ಲಿರಬೇಕು. ಮದುವೆಗೆ ತೆಗೆದಿಟ್ಟ ಹೀಲ್ಸ್ ಹಾಕಿ ಅಳತೆ ತೆಗೆದರೆ ಸೋಮವಾರ ಅಳಬೇಕಾಗುತ್ತದೆ. ಅಂಗಡಿಯಲ್ಲಾದರೆ ಟ್ರಯಲ್ ರೂಮಿನಲ್ಲಿ ಸುಮ್ನೆ ನಿಂತು ನೋಡಿದರೆ ಸಾಲದು. ಕೂತು ನೋಡಿ. ಒಂದು ಕಾಲು ಎತ್ತಿ ಸ್ಟೂಲ್ ಮೇಲೆ ಇಡಿ, ಅದೇ ಬಸ್ಸಿನ ಮೆಟ್ಟಿಲು. ಸ್ಕೂಟಿ ಓಡಿಸುವವರಾದರೆ ನಿಮಗೆ ಹೇಳಬೇಕಾಗಿಲ್ಲ.

ಒಳ್ಳೇ ಟೈಲರ್ ಸಿಕ್ಕಿದರೆ ಬಿಡಬೇಡಿ. ಸೊಂಟದಿಂದ ತೆಗೆಯಿರಿ ಅಂದರೆ ಕೆಲವರು “ಆಗಲ್ಲ ಮೇಡಂ, ಕೆಳಗೆ ಮಡಚಿ ಕೊಡ್ತೀನಿ” ಅನ್ನುತ್ತಾರೆ. ಆಗುತ್ತದೆ. ಕೆಲಸ ಜಾಸ್ತಿ, ಅದಕ್ಕೆ ಆಗಲ್ಲ ಅನ್ನುವುದು. ಕಾಸು ಜಾಸ್ತಿ ಕೊಡುತ್ತೇನೆ ಅನ್ನಿ.

ಈ ಶನಿವಾರ ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆಯನ್ನು ಮಾಸ್ಟರಿಗೆ ಕೊಡಲು ಹೊರಟಿದ್ದೇನೆ. ಸೆರಗಿನ ಹತ್ತಿರ ಒಂದು ಕಡೆ ಹರಿದಿದೆ, ಉಡುವ ಹಾಗಿಲ್ಲ. ಕ್ರೇಪ್ ಆದ್ದರಿಂದ ಸ್ಕರ್ಟಿಗೆ ಹೇಳಿ ಮಾಡಿಸಿದ ಹಾಗೆ. ಉದ್ದ 33 ಇಂಚು, ಒಳಗೆ ಲೈನಿಂಗ್, ಅಂಚು ಮುಟ್ಟುವ ಹಾಗಿಲ್ಲ ಅಂತ ಚೀಟಿ ಬರೆದು ಸೀರೆಗೆ ಪಿನ್ ಮಾಡಿದ್ದೆ. ಅಮ್ಮ ಚೀಟಿ ಓದಿದರು. ಕನ್ನಡಕ ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಒಂದೆರಡು ಮಡಿಕೆ ಇಡಿಸು. ಮುಂದಕ್ಕೆ ಬೆಳೆದ್ರೆ ಬಿಚ್ಚಬಹುದು.”