ಈ ಹಾಡು ಯಾವುದು, ಹೇಳಿ ನೋಡೋಣ

ತಲೆಗೆ ಅಂಟಿಕೊಳ್ಳುವ ಹಾಡು ಯಾವತ್ತೂ ನಮಗಿಷ್ಟದ ಹಾಡಾಗಿರುವುದಿಲ್ಲ, ಗಮನಿಸಿದ್ದೀರಾ? ವರ್ಷಗಟ್ಟಲೆ ಪ್ರೀತಿಯಿಂದ ಕೇಳಿದ ಹಾಡು ಬೇಕೆಂದಾಗ ನೆನಪಿಗೇ ಬರುವುದಿಲ್ಲ. ಯಾವುದೋ ಜಾಹೀರಾತಿನ ಒಂದೂವರೆ ಸಾಲು ಮಾತ್ರ ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾಗಿ, ಆಫೀಸಿನ ಮೀಟಿಂಗ್‌ನಲ್ಲೂ ನಡೆದು, ರಾತ್ರಿ ದೀಪ ಆರಿಸಿದ ಮೇಲೂ ತನ್ನ ಪಾಡಿಗೆ ತಾನು ಸುತ್ತುತ್ತಲೇ ಇರುತ್ತದೆ. ಅದೂ ಪೂರ್ತಿ ಅಲ್ಲ. ಅದೇ ತುಣುಕು, ಮತ್ತೆ ಅದೇ ತುಣುಕು.

ಇದಕ್ಕೆ ಮದ್ದೂ ಇದೆಯಂತೆ. 2015ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ, ಚ್ಯೂಯಿಂಗ್ ಗಮ್ ಜಗಿದರೆ ಈ ಕಾಟ ಕಡಿಮೆಯಾಗುತ್ತದೆ ಎಂದರು. ಮನಸ್ಸಿನಲ್ಲೇ ಹಾಡಿಕೊಳ್ಳುವಾಗಲೂ ಮಾತಾಡುವಾಗಿನ ಕೆಲಸವೇ ಒಳಗೊಳಗೆ ನಡೆಯುತ್ತಿರುತ್ತದಂತೆ. ದವಡೆಗೆ ಬೇರೆ ಕೆಲಸ ಕೊಟ್ಟರೆ ಹಾಡು ಹಿಂದೆ ಸರಿಯಬೇಕು. ನಾನೂ ಜಗಿದೆ. ಹಾಡಿಗೆ ತಾಳ ಸಿಕ್ಕಿತು, ಅಷ್ಟೇ.

ಈ ಸಲ ಅಂಟಿಕೊಂಡಿದ್ದಕ್ಕೆ ಮಾತುಗಳೇ ಇರಲಿಲ್ಲ, ಬರೀ ರಾಗ. ಹಾಗಾಗಿ ಹುಡುಕುವುದಾದರೂ ಏನಂತ? ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಗುನುಗಿ ತೋರಿಸಿ, ಇದು ಯಾವ ಹಾಡು ಅಂತ ಕೇಳಿದೆ. ಹೆಂಡತಿ ಮಾತ್ರ ಏನೋ ಕೆಲಸದ ಮೇಲೆ ಹೊರಗೆ ಹೋಗಿದ್ದಳು.

ಅಪ್ಪ ಕಣ್ಣು ಮುಚ್ಚಿ ಕೇಳಿ, "ಹಳೇದು. ಈಗಿನವರ ಕೈಲಿ ಇಂಥದ್ದು ಆಗಲ್ಲ" ಅಂದರು.

"ಇವನು ಗುನುಗಿದ್ರಲ್ಲಿ ನಿಮಗೆ ಅಷ್ಟೆಲ್ಲ ಕಾಣಿಸ್ತಾ?" ಅಂದರು ಅಮ್ಮ, ಪೇಪರಿನಿಂದ ತಲೆ ಎತ್ತದೆ.

ಮಗಳ ಪ್ರಕಾರ ಅದು ಹಾಡೇ ಅಲ್ಲ. "ಯಾವುದೋ ಮೆಷಿನ್ ಮಾಡಿದ್ದು ಅಪ್ಪಾ. ಗೇಮ್‌ದೋ ಏನೋ."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರ ಹತ್ತಿರ ಪುರಾವೆ ಇಲ್ಲವೋ ಅವರ ದನಿ ಏರುತ್ತದೆ. ಯಾರ ಹತ್ತಿರವೂ ಪುರಾವೆ ಇಲ್ಲದಿದ್ದರೆ ವಿಷಯ ಬದಲಾಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಚರ್ಚೆ ಹಳೇ ಟೇಪ್ ರೆಕಾರ್ಡರನ್ನು ಎಸೆದವರು ಯಾರು ಎಂಬಲ್ಲಿಗೆ ಬಂದು ನಿಂತಿತ್ತು. ಅದು ಇದ್ದಿದ್ದರೆ ಕ್ಯಾಸೆಟ್ ಹಾಕಿ ಈಗಲೇ ತೋರಿಸುತ್ತಿದ್ದೆ ಅಂತ ಅಪ್ಪ. ಅದು ಹಾಡಿದ್ದಕ್ಕಿಂತ ಟೇಪ್ ತಿಂದಿದ್ದೇ ಜಾಸ್ತಿ ಅಂತ ಅಮ್ಮ. ಪೆನ್ಸಿಲ್ ತೂರಿಸಿ ಟೇಪ್ ಸುತ್ತುತ್ತಾ ಕೂತಿದ್ದ ಮಧ್ಯಾಹ್ನಗಳು ನನಗೂ ನೆನಪಿವೆ, ಆದರೆ ಇಂಥ ಹೊತ್ತಿನಲ್ಲಿ ಯಾರ ಪರ ವಹಿಸಿದರೂ ಕಷ್ಟ.

ಅಪ್ಪ ಮತ್ತೆ ಹಾಡಿಗೆ ಬಂದರು. ಹಿಂದಿನವರು ಮೂರೇ ನಿಮಿಷದಲ್ಲಿ ಹೇಳಬೇಕಾದ್ದೆಲ್ಲ ಹೇಳಿ ಮುಗಿಸುತ್ತಿದ್ದರು, ಅದು ಶಿಸ್ತು ಅಂದರು. ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಅದು ಶಿಸ್ತಲ್ಲ ಅಪ್ಪಾ, ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಇಂಚಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದೇ ಮೂರು ನಿಮಿಷ ಚಿಲ್ಲರೆ, 1948ರಲ್ಲಿ ನಿಧಾನಕ್ಕೆ ತಿರುಗುವ ಎಲ್‌ಪಿ ಬಂದ ಮೇಲೆ ತಾನೇ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಜಾಗ ಸಿಕ್ಕಿದ್ದು, ಅಂತ ವಿವರವಾಗಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ನಿನಗೂ ಅಂಥ ಒಂದು ಪ್ಲೇಟ್ ಇರಬೇಕಿತ್ತು" ಅಂದರು.

ಇನ್ನು ಮನೆಯವರನ್ನು ನಂಬಿ ಪ್ರಯೋಜನವಿಲ್ಲ ಅಂತ ಗುನುಗಿದ್ದನ್ನು ರೆಕಾರ್ಡ್ ಮಾಡಿ ಗೆಳೆಯರ ಗುಂಪಿಗೆ ಕಳಿಸಿದೆ. ಮೊದಲ ಉತ್ತರ: "ಏನಾಯ್ತೋ? ಹೊಟ್ಟೆ ನೋವಾ?" ಎರಡನೆಯದು ಬರೀ ನಾಯಿಯ ಚಿತ್ರ. ಸಂಗೀತ ಬಲ್ಲೆ ಅಂತ ಓಡಾಡುವ ಗೆಳೆಯನೊಬ್ಬ ಮಾತ್ರ ಇದಕ್ಕೆ ಯಾವ ರಾಗದ ಛಾಯೆ ಇದೆ, ಎಲ್ಲಿ ಯಾವ ಸ್ವರ ಜಾರಿದೆ ಅಂತ ಉದ್ದಕ್ಕೆ ಬರೆದು, ಕೊನೆಗೆ "ಹಾಡು ಯಾವುದು ಅನ್ನೋದು ಮುಖ್ಯ ಅಲ್ಲ ಮಾರಾಯ" ಅಂತ ಮುಗಿಸಿದ. ಅವನಿಗೂ ಗೊತ್ತಿರಲಿಲ್ಲ ಅಂತ ಅರ್ಥ.

ನನ್ನ ಆ ರೆಕಾರ್ಡಿಂಗನ್ನು ನಾನೇ ಕೇಳಿ ಗಾಬರಿಯಾದೆ. ನಮ್ಮ ದನಿ ನಮಗೆ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಎಲುಬಿನ ಮೂಲಕವೂ ಕೇಳಿಸುತ್ತದೆ, ಅದಕ್ಕೇ ನಮಗೆ ನಾವು ತುಂಬು ಗಂಟಲಿನವರು. ರೆಕಾರ್ಡಿಂಗ್‌ನಲ್ಲಿ ಆ ಎಲುಬಿನ ಉಪಕಾರ ಇರುವುದಿಲ್ಲ. ಇದು ನನ್ನ ದನಿಯಲ್ಲ, ಫೋನ್ ಕೆಟ್ಟಿದೆ ಅಂದೆ. "ನಾವು ದಿನಾ ಕೇಳೋದು ಇದನ್ನೇ" ಅಂದಳು ಮಗಳು.

ಅವಳೇ ಇನ್ನೊಂದು ದಾರಿ ತೋರಿಸಿದಳು. ಗೂಗಲ್‌ಗೆ ಗುನುಗಿದರೆ ಸಾಕು, ಅದು ಹಾಡು ಹುಡುಕಿ ಕೊಡುತ್ತದೆ. 2020ರಿಂದ ಈ ಸೌಲಭ್ಯ ಇದೆ. ದನಿ, ವಾದ್ಯ ಎಲ್ಲ ಬಿಟ್ಟು ರಾಗದ ಏರಿಳಿತವನ್ನಷ್ಟೇ ಅಂಕಿಗಳ ಸಾಲು ಮಾಡಿಕೊಂಡು ಹೋಲಿಸಿ ನೋಡುತ್ತದಂತೆ. ಸರಿ, ಒಬ್ಬೊಬ್ಬರಾಗಿ ಫೋನ್ ಮುಂದೆ ಕೂತೆವು. ನನಗೆ ಒಂದು ಹಾಡು ಕೊಟ್ಟಿತು, ಮಗಳಿಗೆ ಇನ್ನೊಂದು. ಎರಡೂ ಅಲ್ಲ. ಅಪ್ಪ ಆಲಾಪದಿಂದ ಶುರು ಮಾಡಿದರು. ಫೋನ್ ಅವರಿಗೆ ಯಾವ ಹಾಡನ್ನೂ ಕೊಡದೆ ಮತ್ತೊಮ್ಮೆ ಪ್ರಯತ್ನಿಸಿ ಅಂದಿತು. ಇದಕ್ಕೆ ಸಂಸ್ಕಾರ ಇಲ್ಲ ಅಂತ ಅಪ್ಪ ಎದ್ದು ಹೋದರು.

ಅಷ್ಟರಲ್ಲಿ ಹೆಂಡತಿ ಬಂದಳು. ಚಪ್ಪಲಿ ಬಿಡುತ್ತಿರುವಾಗಲೇ ಗುನುಗಿದೆ.

"ವಾಷಿಂಗ್ ಮೆಷಿನ್. ಬಟ್ಟೆ ಆಯ್ತಾ?"

ಎಲ್ಲರೂ ಅಮ್ಮನ ಕಡೆ ನೋಡಿದೆವು. "ನಂಗೆ ಗೊತ್ತಿತ್ತು. ನನ್ನನ್ನ ಕೇಳಿದ್ದು ಯಾರು?" ಅಂತ ಅಮ್ಮ ಪೇಪರ್ ಮಡಿಸಿದರು. ಮೆಷಿನ್‌ನಿಂದ ಬಟ್ಟೆ ತೆಗೆದು ಒಣಹಾಕುವ ಇಬ್ಬರಿಗೆ ಗೊತ್ತಿದ್ದ ರಾಗ, ಹಾಕದ ಮೂವರಿಗೆ ಸಂಶೋಧನೆಯಾಗಿತ್ತು. ಈ ಮಾತನ್ನು ಹೆಂಡತಿ ಹೇಳಲಿಲ್ಲ. ನೋಡಿದಳು, ಸಾಕಾಯಿತು.

ಆದರೆ ಅಪ್ಪ ಸೋತಿರಲಿಲ್ಲ. ಸ್ಯಾಮ್‌ಸಂಗ್‌ನ ವಾಷಿಂಗ್ ಮೆಷಿನ್‌ಗಳು ಕೆಲಸ ಮುಗಿದಾಗ ನುಡಿಸುವುದು ಆಸ್ಟ್ರಿಯಾದ ಸಂಗೀತ ಸಂಯೋಜಕ ಫ್ರಾಂಟ್ಸ್ ಶೂಬರ್ಟ್ 1817ರಲ್ಲಿ, ಇಪ್ಪತ್ತರ ಹರೆಯದಲ್ಲಿ ಮಾಡಿದ ಟ್ರೌಟ್ ಮೀನಿನ ಹಾಡಿನ ರಾಗವನ್ನು. "ಹಳೇದು ಅಂದಿದ್ನೋ ಇಲ್ವೋ?" ಅಂತ ಅಪ್ಪ. "ಮೆಷಿನ್ ಅಂದಿದ್ದು ನಾನು" ಅಂತ ಮಗಳು. ಇಬ್ಬರೂ ಗೆದ್ದ ಇಂಥ ವಾದ ನಮ್ಮ ಮನೆಯಲ್ಲಿ ಹಿಂದೆ ನಡೆದಿರಲಿಲ್ಲ. ಹಾಡಿನ ಕತೆ ಇನ್ನೂ ಚೆನ್ನಾಗಿದೆ. ತಿಳಿನೀರಲ್ಲಿ ಮೀನು ಗಾಳಕ್ಕೆ ಬೀಳುವುದಿಲ್ಲ, ಹಾಗಾಗಿ ಮೀನು ಹಿಡಿಯುವವನು ಬೇಕಂತಲೇ ನೀರು ಕದಡಿ ಬಗ್ಗಡ ಮಾಡುತ್ತಾನೆ. ಬಟ್ಟೆ ಒಗೆಯುವ ಮೆಷಿನ್‌ಗೆ ಯಾರೋ ಯೋಚಿಸಿಯೇ ಇದನ್ನು ಆರಿಸಿದರೋ, ಪದ ಕೇಳದೆ ಆರಿಸಿದರೋ.

ಅರ್ಧಕ್ಕೆ ನಿಂತ ಹಾಡನ್ನು ಪೂರ್ತಿ ಕೇಳಿಬಿಟ್ಟರೆ ತಲೆಯಿಂದ ಇಳಿಯುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಅದಕ್ಕೇ ಹೆಸರಾಂತ ಗಾಯಕರೊಬ್ಬರು ಪಿಯಾನೋ ಜೊತೆ ಹಾಡಿದ್ದನ್ನು ಹುಡುಕಿ, ಸ್ಪೀಕರ್‌ಗೆ ಹಾಕಿ, ಎಲ್ಲರನ್ನೂ ಕೂರಿಸಿದೆ. ಅಪ್ಪ ಮತ್ತೆ ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಹಾಕಿದರು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪರವಾಗಿಲ್ಲ. ಆದರೆ ಮೆಷಿನ್ ಇನ್ನೂ ಚೆನ್ನಾಗಿ ಹಾಡುತ್ತೆ" ಅಂದರು.