ಅವ್ವನ ಪಾಲಿನ ಕಿಟಕಿ

"ನನಗ ಒಂದು ಕಿಟಕಿನೂ ಇಲ್ಲೇನೋ ತಮ್ಮಾ?"

ಹೋದ ವರ್ಷ ಡಿಸೆಂಬರ್ 1ರ ಬೆಳಗ್ಗೆ ಅವ್ವ ಹೀಗೆ ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ನನಗೆ ನಗು ಬರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಮಕ್ಕಳಿಗೆ ಅಂತ ಅಡ್ವೆಂಟ್ ಕ್ಯಾಲೆಂಡರ್ ತಂದಿದ್ದ. ನೋಡದವರಿಗೆ ಹೇಳ್ತೀನಿ, ಅದೊಂದು ಚಪ್ಪಟೆ ರಟ್ಟಿನ ಡಬ್ಬಿ, ಮೇಲೆ 24 ಪುಟ್ಟ ಕಿಟಕಿ. ದಿನಕ್ಕೊಂದು ಕಿಟಕಿ ತೆಗೆದರೆ ಒಳಗೆ ಉಗುರಿನಷ್ಟು ಚಾಕೊಲೇಟ್. ಕ್ರಿಸ್ಮಸ್ ಹಿಂದಿನ ದಿನಕ್ಕೆ ಡಬ್ಬಿ ಖಾಲಿ. ಇದು ಜರ್ಮನಿ ಕಡೆಯ ರೂಢಿ. 19ನೇ ಶತಮಾನದಲ್ಲಿ ಅಲ್ಲಿನ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆದು ದಿನಕ್ಕೊಂದು ಅಳಿಸುತ್ತಿದ್ದರಂತೆ. ಚಾಕೊಲೇಟ್ ಅದರೊಳಗೆ ಸೇರಿದ್ದು ಎಷ್ಟೋ ಆಮೇಲೆ. ನಮ್ಮ ಬೀದರಿನ ಮಂಗಲಪೇಟೆಯಲ್ಲಿ ನಾನು ಬೆಳೆಯುವಾಗ ಇದೆಲ್ಲ ಎಲ್ಲಿತ್ತು? ಮನೆ ಮೇಲೆ ನಕ್ಷತ್ರ ಏರಿತು, ರಾತ್ರಿ ಕ್ಯಾರಲ್ಸ್ ಗುಂಪು ಬಂತು, ಅಡುಗೆಮನೆಯಲ್ಲಿ ಕರ್ಚಿಕಾಯಿ ಕರಿಯೋ ವಾಸನೆ ಬಂತು ಅಂದರೆ ಹಬ್ಬ ಹತ್ತಿರ ಬಂತು ಅಂತ ಲೆಕ್ಕ.

ಅವ್ವನಿಗೆ ಶುಗರ್ ಬಂದು 11 ವರ್ಷ ಆಯಿತು. ಮಾತ್ರೆ ಇದೆ, ಎರಡು ಹೊತ್ತು ಇನ್ಸುಲಿನ್ ಕೂಡ ಇದೆ. ಹಾಗಾಗಿ ಸಿಹಿ ಅಂದ ಕೂಡಲೇ ಮನೆಯವರೆಲ್ಲ ಸೇರಿ ಅವಳನ್ನು ಪಕ್ಕಕ್ಕೆ ಕೂರಿಸಿಬಿಡ್ತೀವಿ. ಕ್ಯಾರಲ್ಸ್‌ಗೆ ಬಂದ ಹುಡುಗರಿಗೆ ತಟ್ಟೆ ತುಂಬ ಕೊಡ್ತೀವಿ, ಅವಳಿಗೆ ಮಾತ್ರ "ಅವ್ವಾ, ನಿನಗ ಬ್ಯಾಡ". ಆ ಬೆಳಗ್ಗೆ ನನಗೇನೋ ಹುಕಿ ಬಂತು. ಅವಳಿಗೂ ಒಂದು ಶುಗರ್ ಫ್ರೀ ಕ್ಯಾಲೆಂಡರ್ ಮಾಡಿಯೇ ತೀರ್ತೀನಿ ಅಂತ ಹೊರಟೆ.

ಮೊದಲು ಹೋಗಿದ್ದು ಬೇಕರಿಗೆ. ಶುಗರ್ ಫ್ರೀ ಏನಿದೆ ಅಂದರೆ ಖರ್ಜೂರದ ಲಡ್ಡು ತೋರಿಸಿದರು. ಮೇಲೆ ಕೋಕೋ ಪುಡಿ ಉದುರಿಸಿ ಚಾಕೊಲೇಟ್ ಅಂತ ಹೆಸರು. ಅಲ್ಲಾ ಸ್ವಾಮಿ, ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತದೆ! ಇನ್ನೊಂದು ಕಡೆ ಬೆಲ್ಲದ ಚಾಕೊಲೇಟ್. ಬೆಲ್ಲ ತಿಂದರೆ ಶುಗರ್ ಏರಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಅಂದರೆ, ಅಂಗಡಿಯವನ ಜೊತೆ ವಾದಕ್ಕೆ ನಿಂತರೆ ಹಿಂದೆ ನಿಂತ ಗಿರಾಕಿ ಕೂಡ ಅವನ ಕಡೆಗೇ ಮಾತಾಡ್ತಾನೆ. ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ.

ಕೊನೆಗೆ ಒಂದು ಮೆಡಿಕಲ್ ಅಂಗಡಿಯಲ್ಲಿ, ಸೊಂಟದ ಬೆಲ್ಟು ಮೊಣಕಾಲಿನ ಕ್ಯಾಪುಗಳ ಪಕ್ಕ, ಧೂಳು ಹಿಡಿದ ಒಂದು ಚಾಕೊಲೇಟ್ ಸಿಕ್ಕಿತು. ಮಾಮೂಲಿ ಚಾಕೊಲೇಟಿಗಿಂತ ಎರಡು ಪಟ್ಟು ರೇಟು. ಔಷಧ ಅಂತಲೇ ಮಾರೋದಲ್ವಾ, ಯಾರು ಚೌಕಾಸಿ ಮಾಡ್ತಾರೆ? ಮನೆಗೆ ಬಂದು ಹಿಂಭಾಗ ಓದಿದೆ. ಮಾಲ್ಟಿಟಾಲ್ ಅಂತ ಇತ್ತು. ಇದು ಸಕ್ಕರೆಯ ದೂರದ ಸಂಬಂಧಿ. ಸಿಹಿ ಹತ್ತಿರ ಹತ್ತಿರ ಸಕ್ಕರೆಯಷ್ಟೇ, ಒಂದು ಗ್ರಾಂಗೆ ಕ್ಯಾಲೊರಿ ಮಾತ್ರ 4ರ ಬದಲು ಸುಮಾರು 2. ರಕ್ತದ ಶುಗರ್ ಸಕ್ಕರೆಗಿಂತ ಕಡಿಮೆ ಏರಿಸುತ್ತದೆ. ಕಡಿಮೆ ಅಂದೆ, ಏರಿಸೋದೇ ಇಲ್ಲ ಅನ್ನಲಿಲ್ಲ. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ, ಹೊಟ್ಟೆ ಸಡಿಲ ಆಗಬಹುದು ಅನ್ನೋ ಎಚ್ಚರಿಕೆ. ನಾನು ಓದಿದೆ. ಅವ್ವ ಓದಲಿಲ್ಲ. ಶುಗರ್ ಫ್ರೀ ಅಂದಮೇಲೆ ಇನ್ನೇನು ಅಂತ ಮಧ್ಯಾಹ್ನ ಒಬ್ಬಳೇ ಕೂತು ಅರ್ಧ ಚಾಕೊಲೇಟ್ ಮುಗಿಸಿದ್ದಳು. ರಾತ್ರಿ ನಾಲ್ಕು ಸಲ ಎದ್ದಳು. ಈ ಮಾಲ್ಟಿಟಾಲ್ ಪೂರ್ತಿ ಅರಗಲ್ಲ, ಉಳಿದದ್ದು ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ, ಜೊತೆಗೆ ಗ್ಯಾಸು. ಬೀದರಿನ ಡಿಸೆಂಬರ್ ಚಳಿಯಲ್ಲಿ ನಾಲ್ಕು ಸಲ ಹಿತ್ತಲಿಗೆ ಹೋಗೋದು ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದನ್ನಾದರೂ ನಕ್ಕು ಮರೆಯಬಹುದಿತ್ತು. ಅದಾಗಿ ಹತ್ತು ದಿನಕ್ಕೆ ನಡೆದದ್ದು ನಗುವಂಥದ್ದಲ್ಲ. ಸಂಜೆ ಇನ್ಸುಲಿನ್ ತಗೊಂಡು, ಚರ್ಚಿನಿಂದ ಬಂದವರ ಜೊತೆ ಮಾತಾಡ್ತಾ ಊಟ ತಡ ಮಾಡಿದಳು. ಕೈ ನಡುಗೋಕೆ ಶುರುವಾಯಿತು, ಹಣೆ ಮೇಲೆ ಬೆವರು. ಲೋ ಶುಗರ್, ಅಂದರೆ ರಕ್ತದ ಸಕ್ಕರೆ ತೀರಾ ಇಳಿದಿತ್ತು. ನಾನು ಗಾಬರಿಯಲ್ಲಿ ಓಡಿಹೋಗಿ ತಂದಿದ್ದೇನು ಗೊತ್ತಾ? ಅದೇ ಉಳಿದ ಶುಗರ್ ಫ್ರೀ ಚಾಕೊಲೇಟ್! ಪಕ್ಕದ ಮನೆಯ ಅಕ್ಕ ನನ್ನ ಕೈಯಿಂದ ಕಿತ್ತುಕೊಂಡು, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಕಾಲು ಗಂಟೆಯಲ್ಲಿ ಅವ್ವ ಸರಿಯಾದಳು. ಮನೆಯಲ್ಲಿ ಇನ್ಸುಲಿನ್ ತಗೊಳ್ಳೋರು ಇದ್ದರೆ ದಯವಿಟ್ಟು ಕೇಳಿ. ಲೋ ಆದಾಗ ಶುಗರ್ ಫ್ರೀ ಯಾವುದೂ ಕೆಲಸಕ್ಕೆ ಬರಲ್ಲ. ಮಾಮೂಲಿ ಚಾಕೊಲೇಟ್ ಕೂಡ ನಿಧಾನ, ಅದರಲ್ಲಿರೋ ಕೊಬ್ಬು ಸಕ್ಕರೆಯನ್ನು ಬೇಗ ರಕ್ತಕ್ಕೆ ಬಿಡಲ್ಲ. ಸಕ್ಕರೆ ನೀರು ಅಥವಾ ಗ್ಲೂಕೋಸ್ ಪುಡಿ, ಅಷ್ಟೇ. ಆಮೇಲೆ ಊಟ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳ ಕ್ಯಾಲೆಂಡರ್ ಡಬ್ಬಿ ಎತ್ತಿಕೊಂಡು ಮೇಲೆ ಬರೆದ ತೂಕ ಸುಮ್ನೆ ನೋಡಿದೆ. 24 ಚಾಕೊಲೇಟ್ ಸೇರಿ 75 ಗ್ರಾಂ. ಅಂದರೆ ಒಂದು ಕಿಟಕಿಗೆ ಮೂರು ಗ್ರಾಂ. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ. ಹಾಗಾದರೆ ಒಂದು ಕಿಟಕಿಯಲ್ಲಿ ಇರೋ ಸಕ್ಕರೆ ಒಂದೂವರೆ ಗ್ರಾಂ, ಚಮಚದ ಮೂರನೇ ಒಂದು ಭಾಗ! ನಾನು ಊರೆಲ್ಲ ಅಲೆದದ್ದು ಈ ಒಂದೂವರೆ ಗ್ರಾಂ ತಪ್ಪಿಸೋಕೆ. ಅವಳು ದಿನಾ ತಿನ್ನೋ ಒಂದೊಂದು ಜೋಳದ ರೊಟ್ಟಿಯಲ್ಲೇ 30 ಗ್ರಾಂ ಮೇಲೆ ಕಾರ್ಬೋಹೈಡ್ರೇಟ್ ಇದೆ, ಅದಕ್ಕೆ ಯಾರೂ ತಕರಾರು ಮಾಡಲ್ಲ.

ಅದಕ್ಕೇ ನನಗೆ ಈಗ ಶುಗರ್ ಫ್ರೀ ಅನ್ನೋ ಪದದ ಮೇಲೇ ಸಿಟ್ಟು. ಆ ಎರಡು ಪದ ಕಂಡರೆ ನಾವು ಅಳತೆ ಮರೆತುಬಿಡ್ತೀವಿ. ಸಕ್ಕರೆ ಇರೋದನ್ನು ಚೂರು ಕೊಡೋಕೆ ಹೆದರ್ತೀವಿ, ಇಲ್ಲದ್ದನ್ನು ಮುಷ್ಟಿಗಟ್ಟಲೆ ಕೊಡ್ತೀವಿ. "ಸಕ್ಕರೆ ಸೇರಿಸಿಲ್ಲ" ಅಂತ ಬರೆದದ್ದಕ್ಕೂ "ಸಕ್ಕರೆ ಇಲ್ಲ" ಅಂತ ಬರೆದದ್ದಕ್ಕೂ ವ್ಯತ್ಯಾಸ ಇದೆ. ಶುಗರ್ ಫ್ರೀ ಅಂತ ಹಾಕಬೇಕಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸಕ್ಕರೆ ಇರಬಾರದು ಅನ್ನೋದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ. ಖರ್ಜೂರದ ಲಡ್ಡು ಅದರ ಹತ್ತಿರಕ್ಕೂ ಬರಲ್ಲ. (ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಕೆಲವು ಶುಗರ್ ಫ್ರೀ ತಿನಿಸಿನಲ್ಲಿ ಝೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇರುತ್ತದೆ, ನಾಯಿಗೆ ಅದು ವಿಷ. ಮಾಮೂಲಿ ಚಾಕೊಲೇಟೂ ಒಳ್ಳೆಯದಲ್ಲ.)

ಈ ವರ್ಷ ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ. 24 ಕಡ್ಡಿಪೆಟ್ಟಿಗೆ ತಂದು, ಕಡ್ಡಿಯೆಲ್ಲ ಹಳೇ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಪೆಟ್ಟಿಗೆಗಳನ್ನು ಆರು ಸಾಲಾಗಿ ಅಂಟಿಸಿದೆ. ಮದ್ದು ಸವರಿದ ಪಕ್ಕದ ಮೇಲೆ ಬಣ್ಣದ ಹಾಳೆ ಹಚ್ಚಿದೆ, ಇಲ್ಲದಿದ್ದರೆ ಕೈಯೆಲ್ಲ ಕಂದು. ಮಗ ಕನ್ನಡ ಅಂಕಿ ಬರೆದ. ೬ ಮತ್ತು ೯ ಅದಲುಬದಲು ಮಾಡಿದ್ದಾನೆ, ಹಾಗೇ ಬಿಟ್ಟೆ. ಒಳಗೆ 85 ಪರ್ಸೆಂಟ್ ಕಪ್ಪು ಚಾಕೊಲೇಟಿನ ಸಣ್ಣ ತುಂಡು, ಜೊತೆಗೆ ಹುರಿದ ಶೇಂಗಾ ನಾಲ್ಕು ಕಾಳು. ಹತ್ತು ಗ್ರಾಂ ತುಂಡಿನಲ್ಲಿ ಸಕ್ಕರೆ ಅದೇ ಒಂದೂವರೆ ಗ್ರಾಂ ಆಸುಪಾಸು. ಬೇಕಿದ್ದರೆ ಮೂರು ಗ್ರಾಂ ಹಾಲಿನ ಚಾಕೊಲೇಟೂ ಇಡಬಹುದು, ಆದರೆ ಅಷ್ಟು ಸಣ್ಣದು ಅವ್ವನ ಹಲ್ಲಿನ ಸಂದಿಯಲ್ಲೇ ಕಳೆದುಹೋಗುತ್ತದೆ.

ಮೊದಲ ದಿನ ಬಾಯಿಗೆ ಹಾಕಿ ಮುಖ ಕಿವುಚಿದಳು. "ಇದೇನಪಾ, ಬಿದ್ರಿ ಹೂಜಿ ಮುರದು ಕೊಟ್ಟೀಯೇನು? ಕರ್ರಗ, ಕಹಿ!" ಮೂರನೇ ದಿನ ಬದಲಾವಣೆ ಇರಲಿ ಅಂತ ಬರೀ ಲವಂಗ ಇಟ್ಟಿದ್ದೆ, ಚೆನ್ನಾಗಿ ಬೈಸಿಕೊಂಡೆ. ಐದನೇ ದಿನದಿಂದ ನಾನು ಏಳೋ ಮುಂಚೆಯೇ ಪೆಟ್ಟಿಗೆ ತೆಗೆದಿರ್ತಾಳೆ. ನಿನ್ನೆ ಮೊಮ್ಮಗನ ಜೊತೆ ವ್ಯಾಪಾರ ಕೂಡ ಮಾಡಿದಳಂತೆ, ಅವಳ ಶೇಂಗಾ ಅವನಿಗೆ, ಅವನ ಕಿಟಕಿಯ ಗಂಟೆ ಆಕಾರದ ಚಾಕೊಲೇಟ್ ಇವಳಿಗೆ. ಮೂರೇ ಗ್ರಾಂ, ಸುಮ್ಮನಿದ್ದೆ.

ಇವತ್ತು ಬೆಳಗ್ಗೆ ರೊಟ್ಟಿ ಬಡೀತಾ ಹೇಳಿದಳು, "24ನೇ ಪೆಟ್ಟಿಗ್ಯಾಗ ಶೇಂಗಾ ಹೋಳಿಗಿ ಇಡು. ಅರ್ಧ ಸಾಕು."

ಕಡ್ಡಿಪೆಟ್ಟಿಗೆಯಲ್ಲಿ ಹೋಳಿಗೆ ಹೆಂಗ ಹಿಡಸ್ತದ ಅವ್ವಾ ಅಂದೆ.

"ಮಡಚಿ ಇಡು" ಅಂದಳು.